ದೆವ್ವಕ್ಕೂ ಒಂದು ಲೆಕ್ಕ ಬೇಕಲ್ರಿ

ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳಿವೆ. ಒಂದರ ಗುಮ್ಮಟ ಸಿಡಿಲಿಗೆ ಸೀಳಿ ಅರ್ಧಕ್ಕೆ ನಿಂತಿದೆ. ಸಿನಿಮಾದವರಿಗೆ ಇದಕ್ಕಿಂತ ಒಳ್ಳೇ ದೆವ್ವದ ಮನೆ ಸಿಗಲಿಕ್ಕಿಲ್ಲ. ಆದ್ರ ಅಲ್ಲಿ ನಡೆಯೋದು ಜಾತ್ರಿ. ಅಹ್ಮದ್ ಶಾಹ್ ವಲಿಯ ಗೋರಿಗೆ ಮುಸಲ್ಮಾನರು ಬಂದಂಗ, ಅಲ್ಲಮಪ್ರಭು ಅಂತ ಲಿಂಗಾಯತರೂ ನಡ್ಕೋತಾರ. ಹಳೇ ಕಟ್ಟಡ ತಾನಾಗಿ ಯಾರನ್ನೂ ಹೆದರಿಸೋದಿಲ್ಲ, ಹೆದರಿಸೋದು ಕಥಿ.

ಕಥೆಗೆ ಕಾನೂನು ಬೇಕು. ಔರಾದ್ ತಾಲೂಕಿನ ನಮ್ಮೂರಲ್ಲಿ ಆಯಿ ಹೇಳುತ್ತಿದ್ದ ದೆವ್ವ ಮೂರನೇ ಸಲ ಹೆಸರು ಕೂಗುತ್ತಿರಲಿಲ್ಲ. ಭಾಲ್ಕಿಯ ಮಾಮಾನ ಮನ್ಯಾಗೂ ಅದೇ ಕಾನೂನು. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಬರೆದ 'ನಾಳೆ ಬಾ' ನೋಡ್ರಿ. ದೆವ್ವ ಓದಿ ವಾಪಸ್ ಹೋಗತದ, ಮರುದಿನ ಮತ್ತ ಅದೇ ಓದತದ. ನಮ್ಮ ಸಾಫ್ಟ್‌ವೇರ್ ಮಂದಿ ಭಾಷೆಯಲ್ಲಿ ಮುಗಿಯದ ಲೂಪ್. ಬರೀ ಗಾಳಿಸುದ್ದಿಗೂ ಇಷ್ಟು ತರ್ಕ ಇತ್ತು!

1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆಗೆ ಉರ್ದು, ಹಿಂದಿ ಹೊಸವಲ್ಲ. ಹಿಂಗಾಗಿ ರಾಮ್ಸೆ ಸಹೋದರರೂ ನಮಗೆ ಪರಕೀಯರಲ್ಲ. ಅವರ 'ಪುರಾನಾ ಮಂದಿರ್' (1984) ಚಿತ್ರದ ಸಾಮ್ರಿಗೆ ಖಚಿತ ನಿಯಮವಿದೆ: ರುಂಡ ಒಂದು ಕಡೆ, ಮುಂಡ ಇನ್ನೊಂದು ಕಡೆ, ಎರಡೂ ಕೂಡಬಾರದು. ಆದರೆ ನಡುವೆ ಗಬ್ಬರ್‌ನನ್ನು ಅಣಕಿಸುವ ಜಗದೀಪ್ ಕಾಮಿಡಿ ಶುರುವಾದರೆ ಕಥೆಯೇ ಬದಿಗೆ ನಿಂತು ಕಾಯುತ್ತದೆ.

ಕನ್ನಡದ 'ನಾ ನಿನ್ನ ಬಿಡಲಾರೆ' (1979) ತನ್ನ ದೆವ್ವದ ಹಟವನ್ನು ಶೀರ್ಷಿಕೆಯಲ್ಲೇ ಹೇಳಿಬಿಟ್ಟಿತ್ತು. ಮಲಯಾಳಂನ 'ಮಣಿಚಿತ್ರತ್ತಾಳ್' ಆಧರಿಸಿದ 'ಆಪ್ತಮಿತ್ರ' (2004) ಇನ್ನೂ ಜಾಣತನದ್ದು. ನಾಗವಲ್ಲಿಯ ಸಿಟ್ಟು ತನ್ನ ಪ್ರಿಯಕರನನ್ನು ಕೊಂದ ರಾಜನ ಮೇಲೆ. ಡಾಕ್ಟರು ರಾಜನ ಬದಲಿಗೆ ಒಂದು ಬೊಂಬೆ ಸುಡಿಸಿ ಆ ಲೆಕ್ಕ ಚುಕ್ತಾ ಮಾಡ್ತಾರ. ಮನೋರೋಗ ಅನ್ನಿ, ಪ್ರೇತ ಅನ್ನಿ, ಉತ್ತರ ಕಥೆಯೊಳಗಿಂದಲೇ ಬಂತು. ಆದ್ರ 'ಆಪ್ತರಕ್ಷಕ'ದಲ್ಲಿ (2010) ತೀರಿದ ಖಾತೆ ಮತ್ತ ತೆರೀತು. ನಾಗವಲ್ಲಿಯ ಚಿತ್ರಪಟ ಸಂಬಂಧವೇ ಇಲ್ಲದವರ ಮನೆಗೂ ಕಾಟ ತಂತು. ಅಂದಿನ ರಾಜನೂ ಇನ್ನೂ ಜೀವಂತ! ವಿಷ್ಣುವರ್ಧನ್‌ಗಾಗಿ ನಾವು ಚಪ್ಪಾಳೆ ಹೊಡೆದೆವು, ಖರೆ. ತರ್ಕಕ್ಕಲ್ಲ.

"ದೆವ್ವದ ಪಿಚ್ಚರ್‌ನಾಗ ಎಂಥಾ ಲಾಜಿಕ್ಕೋ?" ಅಂತ ಗೆಳೆಯರು ನಗತಾರ. ಅಲ್ಲೇ ಇರೋದು ಮಾತು. ನಮ್ಮ ಸಿನಿಮಾದ ದೆವ್ವ ಬಹಳ ಸಲ ಅನ್ಯಾಯವಾಗಿ ಸತ್ತ ಹೆಣ್ಣು. ಬದುಕಿದ್ದಾಗ ಆಕೆಯ ದೂರು ಯಾರೂ ಕೇಳಲಿಲ್ಲ, ಅದಕ್ಕೇ ತಿರುಗಿ ಬಂದಾಳ. ಯಾರ ಮೇಲೆ ಸಿಟ್ಟು, ಯಾಕೆ, ಎಲ್ಲಿಗೆ ತೀರತದ ಅನ್ನೋದೇ ಆಕೆಯ ಕೇಸು. ಬರಹಗಾರ ಅದನ್ನು ಮರೆತು ಸಿಕ್ಕಸಿಕ್ಕವರ ಕುತ್ತಿಗೆ ಹಿಚುಕಿಸಿದರೆ ತಪ್ಪು ಮಾಡಿದವ ಪಾರಾಗ್ತಾನ, ಆಕೆ ಬರೀ ಕೆದರಿದ ಕೂದಲಾಗಿ ಉಳೀತಾಳ.

ಪವನ್ ಕುಮಾರ್ 'ಯು ಟರ್ನ್'ನಲ್ಲಿ (2016) ಹಂಗ ಮಾಡಲಿಲ್ಲ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲಿನ ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸಿದವರಿಗಷ್ಟೇ ಸಾವು. ಬಂಗ್ಲೆ ಇಲ್ಲ, ಬಾವಲಿ ಇಲ್ಲ, ನಿಯಮ ಮಾತ್ರ ಕಡೀತನಕ ನಿಲ್ತದ. ಅದನ್ನು ನೋಡಿ ಬಂದವರು ಕತ್ತಲಿಗೆ ಹೆದರಲಿಲ್ಲ, ಐದು ನಿಮಿಷ ಉಳಿಸೋಕೆ ಕಲ್ಲು ಸರಿಸುವ ತಮ್ಮದೇ ಕೈಗೆ ಹೆದರಿದರು.