ಭೂದಾಖಲೆ ಸಂಗ್ರಹದಲ್ಲಿ ಬಳಕೆದಾರರ ಖಾತೆ ಮತ್ತು ಪ್ರವೇಶ ನಿಯಂತ್ರಣ

ಹಲವರು ಜಾಲದ ಮೂಲಕ ಬಳಸುವ ಒಂದೇ ಸಂಗ್ರಹದಲ್ಲಿ ಯಾರು ಯಾವ ದಾಖಲೆಯನ್ನು ನೋಡಬಹುದು, ಯಾರು ಹೊಸದನ್ನು ಸೇರಿಸಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂಬುದನ್ನು ಮೊದಲೇ ಗೊತ್ತುಪಡಿಸಿ, ಆ ಕಟ್ಟಳೆಯನ್ನು ಕಂಪ್ಯೂಟರೇ ಕಾಯುವಂತೆ ಮಾಡುವ ಏರ್ಪಾಡಿಗೆ ಪ್ರವೇಶ ನಿಯಂತ್ರಣ ಎಂದು ಹೆಸರು. ಬಳಕೆದಾರರ ಖಾತೆ ಅದರ ಬುನಾದಿ. ಮುಂದೆ ಕೂತವರು ಯಾರೆಂದು ಗೊತ್ತಾಗದೆ ಅವರಿಗೆ ಏನು ಸಲ್ಲುತ್ತದೆ ಎಂದು ತೀರ್ಮಾನಿಸಲಾಗದು. ಕರ್ನಾಟಕದ ಹಳ್ಳಿಗಳಿಗೆ ಇದರ ಫಲಾಫಲ ನೇರವಾಗಿ ತಟ್ಟುವುದು ಕಂದಾಯ ಇಲಾಖೆಯ ‘ಭೂಮಿ’ ವ್ಯವಸ್ಥೆಯಲ್ಲಿ. ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳಲ್ಲಿ ಬೆಳೆಸಾಲ, ಬೆಳೆಹಾನಿ ಪರಿಹಾರ, ಮಾರಾಟ, ವಾಟ್ನಿ (ಪಾಲು) ಯಾವುದಕ್ಕೂ ಹೊಲದ ಉತಾರ, ಅಂದರೆ ಪಹಣಿ, ಬೇಕು. ಆ ಉತಾರದ ಒಂದು ಸಾಲು ಬದಲಿಸುವ ಅಧಿಕಾರ ಯಾರ ಲಾಗಿನ್ನಿಗೆ ಇದೆ ಎಂಬುದು ಒಂದು ಮನೆತನದ ಅನ್ನದ ಪ್ರಶ್ನೆ.

ಕಂಪ್ಯೂಟರಿಗೆ ಮೊದಲು

ಮುಂಬಯಿ ಪ್ರಾಂತ್ಯದ ಆಡಳಿತದಲ್ಲಿದ್ದ ಧಾರವಾಡ ಸೀಮೆಯಲ್ಲಿ ಊರ ಲೆಕ್ಕಪತ್ರ ವಂಶಪಾರಂಪರ್ಯದ ಕುಲಕರ್ಣಿಗಳ ಕೈಯಲ್ಲಿತ್ತು. 1950ರ ಕಾಯಿದೆ ಕುಲಕರ್ಣಿ ವತನಗಳನ್ನು ರದ್ದು ಮಾಡಿತು. ಆ ಕೆಲಸ ಸಂಬಳದ ತಲಾಠಿಗಳಿಗೆ ಹೋಯಿತು. 1964ರ ಭೂಕಂದಾಯ ಕಾಯಿದೆಯಲ್ಲಿ ಅದೇ ಹುದ್ದೆ ಗ್ರಾಮ ಲೆಕ್ಕಿಗ, ಈಚೆಗೆ ಗ್ರಾಮ ಆಡಳಿತ ಅಧಿಕಾರಿ; ಊರವರ ಬಾಯಲ್ಲಿ ಮಾತ್ರ ಇವತ್ತಿಗೂ ತಲಾಠಿ. ಹೆಸರು ಬದಲಾದಷ್ಟು ಬೇಗ ಪದ್ಧತಿ ಬದಲಾಗಲಿಲ್ಲ. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು, ಒಬ್ಬೊಬ್ಬರಿಗೆ ಮೂರು ನಾಲ್ಕು ಊರು. ದಫ್ತರವನ್ನು ಇಟ್ಟುಕೊಳ್ಳುವವರು, ನಕಲು ಕೊಡುವವರು, ಬದಲಾವಣೆ ಬರೆಯುವವರು ಎಲ್ಲ ಅವರೇ. ಭೂಮಿ ಯೋಜನೆಯನ್ನು ಕುರಿತ ಅಧ್ಯಯನಗಳ ಪ್ರಕಾರ ಒಂದು ಪಹಣಿ ನಕಲು ಕೈಸೇರಲು 3ರಿಂದ 30 ದಿನ ಹಿಡಿಯುತ್ತಿತ್ತು, ಲಂಚ ಸಾಮಾನ್ಯವಾಗಿತ್ತು. ದೋಷವನ್ನು ಒಬ್ಬೊಬ್ಬ ವ್ಯಕ್ತಿಯ ತಲೆಗೆ ಕಟ್ಟುವುದು ಸುಲಭ. ಆದರೆ ನೋಡುವ, ಬರೆಯುವ, ಕಾಯುವ ಅಧಿಕಾರಗಳನ್ನು ಒಂದೇ ಕೈಗೆ ಕೊಟ್ಟು, ಆ ಕೈ ಏನು ಮಾಡಿತೆಂದು ತಿಳಿಯುವ ದಾರಿಯನ್ನೇ ಇಡದಿದ್ದ ಏರ್ಪಾಡಿನಲ್ಲಿ ಪ್ರಾಮಾಣಿಕರಿಗೂ ತಮ್ಮ ಪ್ರಾಮಾಣಿಕತೆಯನ್ನು ತೋರಿಸಲು ಪುರಾವೆ ಇರಲಿಲ್ಲ.

ಗುರುತು ಮತ್ತು ಅನುಮತಿ

ಖಾತೆಯ ವ್ಯವಸ್ಥೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುತ್ತದೆ: ನೀವು ಯಾರು? ನಿಮಗೆ ಏನು ಮಾಡಲು ಅನುಮತಿ ಇದೆ? ಮೊದಲನೆಯದಕ್ಕೆ ಪಾಸ್‌ವರ್ಡ್, ಬೆರಳಚ್ಚು, ಡಿಜಿಟಲ್ ಸಹಿಯ ಕೀಲಿ ಉತ್ತರ ಕೊಡುತ್ತವೆ. ಎರಡನೆಯದರ ಉತ್ತರ ಸರ್ವರ್‌ನಲ್ಲಿರುವ ಅನುಮತಿ ಪಟ್ಟಿಯಲ್ಲಿದೆ. ಹಲವರು ಹಂಚಿಕೊಂಡು ಬಳಸುವ ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ತಂಡದ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ. 1962ರಲ್ಲೇ ಅಲನ್ ಶೆರ್ ಎಂಬ ಸಂಶೋಧಕ ಹೆಚ್ಚು ಹೊತ್ತು ಯಂತ್ರ ಬಳಸುವ ಆಸೆಗೆ ಎಲ್ಲರ ಪಾಸ್‌ವರ್ಡ್‌ಗಳ ಕಡತವನ್ನು ಮುದ್ರಿಸಿಕೊಂಡರು. ಪಾಸ್‌ವರ್ಡ್ ಒಂದನ್ನೇ ನಂಬಬಾರದೆಂಬ ಪಾಠಕ್ಕೆ ಪಾಸ್‌ವರ್ಡ್‌ನಷ್ಟೇ ವಯಸ್ಸು.

ಅನುಮತಿಯನ್ನು ವ್ಯಕ್ತಿಗೆ ನೇರವಾಗಿ ಕೊಡುವುದಕ್ಕಿಂತ ಹುದ್ದೆಗೆ ಕೊಟ್ಟು, ವ್ಯಕ್ತಿಯನ್ನು ಆ ಹುದ್ದೆಯ ಗುಂಪಿಗೆ ಸೇರಿಸುವುದು ಒಳ್ಳೆಯ ಕ್ರಮ. ಕಲಘಟಗಿಯಿಂದ ಒಬ್ಬ ಕಂದಾಯ ನಿರೀಕ್ಷಕರು ವರ್ಗವಾಗಿ ಹೋದರೆ ಅವರ ಖಾತೆಯನ್ನು ಗುಂಪಿನಿಂದ ತೆಗೆದು, ಬಂದವರ ಖಾತೆಯನ್ನು ಸೇರಿಸಿದರೆ ಸಾಕು. ಸಾವಿರಾರು ಕಡತಗಳ ಅನುಮತಿಯನ್ನು ಮುಟ್ಟಬೇಕಿಲ್ಲ.

ಭೂಮಿ ವ್ಯವಸ್ಥೆಯ ಕ್ರಮ

2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿದ ತಂತ್ರಾಂಶದೊಡನೆ, ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ತಾಲ್ಲೂಕು ಕಚೇರಿಗಳ ಸರ್ವರ್‌ಗಳಿಗೆ ಏರಿಸಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಮುಂಚೂಣಿಯಲ್ಲಿದ್ದರು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಾಲ್ಲೂಕಿನ ಕಿಂಡಿಯಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಸಿಗತೊಡಗಿತು. ಕಿಂಡಿಯ ಹೊರಗೆ ನಿಂತ ರೈತರಿಗೆ ಕಾಣುವಂತೆ ಎರಡನೆಯ ಪರದೆ ಇಡುವ ಏರ್ಪಾಡೂ ಇತ್ತು. ಒಳಗಿನವರು ಏನು ಒತ್ತುತ್ತಿದ್ದಾರೆಂದು ಹೊರಗಿನವರು ನೋಡಬಹುದಾಗಿತ್ತು.

ಪ್ರವೇಶದ ದೃಷ್ಟಿಯಿಂದ ಈ ವಿನ್ಯಾಸದಲ್ಲಿ ಮುಖ್ಯವಾದದ್ದು ಬೆರಳಚ್ಚು. ತಂತ್ರಾಂಶ ಬಳಸುವ ಪ್ರತಿ ನೌಕರರೂ ಬೆರಳಿಟ್ಟೇ ಒಳಗೆ ಹೋಗಬೇಕು. ಒಳಗೆ ಹೋಗಿ ಮಾಡಿದ ಪ್ರತಿಯೊಂದು ಕೆಲಸವೂ ಅವರ ಹೆಸರಿನಲ್ಲಿ, ಗಂಟೆ ನಿಮಿಷದೊಡನೆ ದಾಖಲಾಗುತ್ತದೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪಕ್ಕದವರಿಗೆ ಕೊಡಬಹುದು, ಬೆರಳನ್ನು ಹಾಗೆ ಕೊಟ್ಟುಹೋಗಲಾಗದು. ‘ನಾನು ಆ ದಿನ ಕಚೇರಿಯಲ್ಲೇ ಇರಲಿಲ್ಲ’ ಎಂಬ ಮಾತಿಗೆ ಇಲ್ಲಿ ಎಡೆ ಕಡಿಮೆ.

ಇನ್ನೊಂದು, ಅಧಿಕಾರವನ್ನು ಹಂತಗಳಾಗಿ ಒಡೆದದ್ದು. ಹೊಲ ಕೊಂಡವರು ಅಥವಾ ತಂದೆ ತೀರಿಕೊಂಡ ಮೇಲೆ ವಾರಸಾ ಮಾಡಿಸುವವರು ವರ್ದಿ ಕೊಟ್ಟರೆ ಅರ್ಜಿಗೆ ಕಂಪ್ಯೂಟರು ಒಂದು ಸಂಖ್ಯೆ ಕೊಡುತ್ತಿತ್ತು, ನೋಟಿಸು ತಯಾರಿಸುತ್ತಿತ್ತು. ಅದನ್ನು ಸಂಬಂಧಪಟ್ಟವರಿಗೆ ಮುಟ್ಟಿಸುವುದು ಗ್ರಾಮ ಲೆಕ್ಕಿಗರ ಕೆಲಸವಾಗಿತ್ತು. ಮೊದಲ ವಿನ್ಯಾಸದಲ್ಲಿ 30 ದಿನದೊಳಗೆ ತಕರಾರು ಬರದಿದ್ದರೆ ಕಂದಾಯ ನಿರೀಕ್ಷಕರು ಮಂಜೂರು ಮಾಡುತ್ತಿದ್ದರು. ತಕರಾರು ಬಂದರೆ ವಿಚಾರಣೆ ಮೇಲಿನ ಅಧಿಕಾರಿಯ ಮುಂದೆ. ಅರ್ಜಿ ತೆಗೆದುಕೊಂಡವರ ಲಾಗಿನ್ನಿಗೆ ಮಂಜೂರಾತಿಯ ಅಧಿಕಾರವಿರಲಿಲ್ಲ, ಮಂಜೂರು ಮಾಡುವವರಿಗೆ ಸರದಿ ತಪ್ಪಿಸಿ ಬೇಕಾದವರ ಅರ್ಜಿಯನ್ನು ಮುಂದೆ ತರುವ ಸ್ವಾತಂತ್ರ್ಯವಿರಲಿಲ್ಲ. ಮೊದಲು ಬಂದದ್ದು ಮೊದಲು ಎಂಬ ನಿಯಮ ತಂತ್ರಾಂಶದಲ್ಲೇ ಇತ್ತು. ಹಳೆಯ ದಫ್ತರದಲ್ಲಿ ಒಬ್ಬರ ಕೈಯಲ್ಲಿದ್ದದ್ದು ಹೀಗೆ ಹಲವು ಕೈಗಳಿಗೆ ಹಂಚಿಹೋಯಿತು. ಭೂಮಿ ಯೋಜನೆಯ ನಿಜವಾದ ಸಾಧನೆಯನ್ನು ಹುಡುಕಬೇಕಾದದ್ದು ಇಲ್ಲಿ. ಮುದ್ರಣದ ವೇಗ ಆಮೇಲಿನ ಮಾತು.

ಓದುವ ಬಾಗಿಲು ಮಾತ್ರ ಅಗಲವಾಗಿದೆ. ಈಗ ಸರ್ವೆ ನಂಬರು, ಹಿಸ್ಸಾ ಗೊತ್ತಿದ್ದ ಯಾರಾದರೂ ಅಂತರ್ಜಾಲದಲ್ಲಿ ಪಹಣಿ ನೋಡಬಹುದು, ಲಾಗಿನ್ ಬೇಡ. ತಮ್ಮ ಹೊಲದ ಮೇಲೆ ಗೊತ್ತಿಲ್ಲದ ಬೋಜಾ (ಸಾಲದ ಹೊರೆ) ಏರಿದ್ದರೆ ಅಣ್ಣಿಗೇರಿಯ ರೈತರು ಮೊಬೈಲಿನಲ್ಲೇ ಕಂಡುಕೊಳ್ಳಬಹುದು. ನೋಡಲು ಎಲ್ಲರಿಗೂ, ಬರೆಯಲು ಕೆಲವರಿಗೆ, ಬರೆದವರ ಹೆಸರು ಅಳಿಸದಂತೆ: ಸಾರ್ವಜನಿಕ ದಾಖಲೆಗೆ ಇದಕ್ಕಿಂತ ನ್ಯಾಯವಾದ ಅನುಮತಿ ಕ್ರಮ ಕಾಣದು.

ಈ ಬದಲಾವಣೆಗೆ ಗಂಭೀರ ಟೀಕೆಯೂ ಇದೆ. ಸಾಲೊಮನ್ ಬೆಂಜಮಿನ್, ಭುವನೇಶ್ವರಿ ರಾಮನ್ ಮತ್ತಿತರರು 2007ರಲ್ಲಿ ಬೆಂಗಳೂರಿನ ಸುತ್ತಲಿನ ಅನುಭವವನ್ನು ಮುಂದಿಟ್ಟು, ಅಧಿಕಾರ ಹಳ್ಳಿಯಿಂದ ಮೇಲಿನ ಕಚೇರಿಗೆ ಸರಿದದ್ದರಿಂದ ದೊಡ್ಡ ಭೂವ್ಯವಹಾರಗಾರರಿಗೆ ಅನುಕೂಲವಾಯಿತೆಂದು ವಾದಿಸಿದರು. ಪ್ರವೇಶ ನಿಯಂತ್ರಣ ಅಧಿಕಾರವನ್ನು ಇಲ್ಲವಾಗಿಸುವುದಿಲ್ಲ, ಅದರ ಜಾಗ ಬದಲಿಸುತ್ತದೆ ಎಂಬುದನ್ನು ಅವರ ವಾದ ನೆನಪಿಸುತ್ತದೆ. ದತ್ತಾಂಶ ತಾಲ್ಲೂಕುಗಳಿಂದ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದ ಮೇಲೆ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ.

ಸ್ಕ್ಯಾನ್ ಕಡತಗಳು ಮತ್ತು ಹಂಚಿಕೆ ಫೋಲ್ಡರು

ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಿಂದ ರಾಜ್ಯದಲ್ಲಿ ವ್ಯಾಪಕವಾಗಿ ನಡೆದಿದೆ. ಅದರ ಸರ್ವರ್ ಹೇಗೇ ಇರಲಿ, ಇಂಥ ಪುಟಗಳನ್ನು ಕಚೇರಿಯ ಜಾಲದಲ್ಲಿ ಒಂದೆಡೆ ಇಟ್ಟು ಹಲವರು ಬಳಸುವಲ್ಲೆಲ್ಲ, ಗ್ರಾಮ ಪಂಚಾಯಿತಿ ಆಗಲಿ ಪ್ರಾಥಮಿಕ ಕೃಷಿ ಪತ್ತಿನ ಸಂಘ ಆಗಲಿ, ಎದುರಾಗುವ ವಿಷಯ ಒಂದೇ.

ವಿಂಡೋಸ್ ಹಂಚಿಕೆಯಲ್ಲಿ ಅನುಮತಿ ಎರಡು ಪದರಗಳಲ್ಲಿರುತ್ತದೆ: ಜಾಲದ ಮೂಲಕ ಆ ಫೋಲ್ಡರಿಗೆ ಬರುವವರಿಗೆ ಒಂದು, ಡಿಸ್ಕಿನ ಮೇಲಿನ ಕಡತಕ್ಕೆ ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಒಂದೇ ಹಂತದಲ್ಲಿ ಕೊಟ್ಟ ನಿರಾಕರಣೆ ಅನುಮತಿಯನ್ನು ಮೀರುತ್ತದೆ. ಹಾಗಾಗಿ ಎರಡು ಗುಂಪಿನಲ್ಲಿರುವ ನೌಕರರಿಗೆ ಒಂದು ಗುಂಪು ನಿರಾಕರಿಸಿದರೂ ಬಾಗಿಲು ಮುಚ್ಚುತ್ತದೆ. ಲಿನಕ್ಸ್ ಆಧಾರಿತ ಸಂಗ್ರಹ ಪೆಟ್ಟಿಗೆಗಳ ಮೂಲ ಪದ್ಧತಿ ಒಡೆಯ, ಒಂದು ಗುಂಪು, ಉಳಿದವರು ಎಂಬ ಮೂರೇ ವರ್ಗ ತಿಳಿದದ್ದು. ಪರಿಶೀಲಿಸುವ ಗುಂಪಿಗೊಂದು, ಸ್ಕ್ಯಾನ್ ಮಾಡುವ ಗುಂಪಿಗೊಂದು ಎಂದು ಬೇರೆ ಅನುಮತಿ ಬೇಕಾದರೆ ವಿಸ್ತೃತ ಅನುಮತಿ ಪಟ್ಟಿ ಬೇಕು.

ಇಲ್ಲಿ ಹಲವರು ಎಡವುವ ಒಂದು ಸೂಕ್ಷ್ಮವಿದೆ. ಲಿನಕ್ಸ್‌ನಲ್ಲಿ ಕಡತ ಅಳಿಸುವ ಅಧಿಕಾರ ಕಡತದ ಅನುಮತಿಯಿಂದ ಬರುವುದಿಲ್ಲ, ಅದನ್ನು ಇಟ್ಟ ಫೋಲ್ಡರಿಗೆ ಬರೆಯುವ ಅನುಮತಿಯಿಂದ ಬರುತ್ತದೆ. ಪುಟವನ್ನು ಓದಲಷ್ಟೇ ಬಿಟ್ಟಿದ್ದೇವೆಂದು ಆಡಳಿತಗಾರರು ನೆಮ್ಮದಿಯಿಂದಿದ್ದರೂ, ಫೋಲ್ಡರು ತೆರೆದಿದ್ದರೆ ಪುಟವೇ ಮಾಯವಾಗಬಹುದು, ಅದೇ ಹೆಸರಿನ ಬೇರೊಂದು ಪುಟ ಅಲ್ಲಿ ಕೂರಬಹುದು. ಅದಕ್ಕೆ ಸ್ಕ್ಯಾನ್ ಮಾಡುವವರು ಪುಟ ಹಾಕಲು ಒಂದು ಫೋಲ್ಡರು, ಪರಿಶೀಲನೆ ಮುಗಿದವು ಸೇರಲು ಇನ್ನೊಂದು ಇರಬೇಕು. ಎರಡನೆಯದರಲ್ಲಿ ಸ್ಕ್ಯಾನ್ ಗುಂಪಿಗೆ ಓದುವ ಹಕ್ಕಷ್ಟೇ. ಪುಟಕ್ಕೆ ಡಿಜಿಟಲ್ ಸಹಿಯೂ ಇದ್ದರೆ ಬದಲಾದದ್ದು ಬಯಲಾಗುತ್ತದೆ.

ಲಿನಕ್ಸ್ ಕಂಪ್ಯೂಟರುಗಳು ಜಾಲದಲ್ಲಿ ಕಡತ ಹಂಚಿಕೊಳ್ಳುವ ಎನ್‌ಎಫ್‌ಎಸ್‌ನ ಹಳೆಯ ಸಾಮಾನ್ಯ ಕ್ರಮದಲ್ಲಿ ಸರ್ವರ್, ಎದುರಿನ ಕಂಪ್ಯೂಟರು ಹೇಳಿದ ಬಳಕೆದಾರ ಸಂಖ್ಯೆಯನ್ನು ನಂಬಿಬಿಡುತ್ತದೆ. ಯಾರು ಬೇಕಾದರೂ ಲ್ಯಾಪ್‌ಟಾಪ್ ಸಿಕ್ಕಿಸಬಹುದಾದ ಕಚೇರಿಗೆ ಅದು ಹೊಂದದು. ವಿಂಡೋಸ್ ಹಂಚಿಕೆ ಬಳಸುವ ಎಸ್‌ಎಂಬಿಯ ಮೊದಲ ಆವೃತ್ತಿಯನ್ನೂ ನಿಲ್ಲಿಸಿರಬೇಕು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಲೋಕವೆಲ್ಲ ಹಬ್ಬಿದ್ದು ಅದರ ದೋಷದ ಮೂಲಕ. ಕಡತಗಳನ್ನು ಒತ್ತೆಯಿಡುವ ಇಂಥ ತಂತ್ರಾಂಶ ತನ್ನನ್ನು ಓಡಿಸಿದ ಖಾತೆ ಎಲ್ಲೆಲ್ಲಿ ಬರೆಯಬಲ್ಲದೋ ಅಲ್ಲೆಲ್ಲ ಹಾಳುಗೆಡವುತ್ತದೆ. ಆಡಳಿತಗಾರ ಖಾತೆಯಲ್ಲಿ ದಿನನಿತ್ಯದ ಪತ್ರ ಟೈಪಿಸಬಾರದೆಂಬ ನಿಯಮಕ್ಕೆ ಕಾರಣ ಇದೇ.

ಮುರಿಯುವ ಜಾಗಗಳು

ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ವ್ಯವಸ್ಥೆಯನ್ನು ಸೋಲಿಸುವುದು ಕೆಲಸದ ಒತ್ತಡ. ಬೆಣ್ಣೆಹಳ್ಳಕ್ಕೆ ನೆರೆ ಬಂದಾಗ ಒಬ್ಬ ಗ್ರಾಮ ಆಡಳಿತ ಅಧಿಕಾರಿ ಹೊಲದಲ್ಲೂ ಇರಬೇಕು, ಬೆಳೆಹಾನಿಯ ವಿವರವನ್ನು ಗಡುವಿನೊಳಗೆ ಕಂಪ್ಯೂಟರಿಗೂ ಏರಿಸಬೇಕು. ಚುನಾವಣೆ ಕೆಲಸವೂ ಕೂಡಿಬಂದರೆ ಪಾಸ್‌ವರ್ಡು, ಡಿಜಿಟಲ್ ಸಹಿಯ ಡಾಂಗಲ್ ಹೊರಗುತ್ತಿಗೆಯ ಆಪರೇಟರ ಮೇಜಿನಲ್ಲಿ ಉಳಿಯುವ ಅಪಾಯ ದೊಡ್ಡದು. ಆ ಕ್ಷಣದಿಂದ ಲಾಗ್ ಸುಳ್ಳು ಹೇಳತೊಡಗುತ್ತದೆ: ಹೆಸರು ಒಬ್ಬರದು, ಕೈ ಇನ್ನೊಬ್ಬರದು. ಇದಕ್ಕೆ ಬರೀ ಎಚ್ಚರಿಕೆಯ ಸುತ್ತೋಲೆ ಸಾಲದು. ಆಪರೇಟರಿಗೆ ಅವರದೇ ಖಾತೆ ಕೊಟ್ಟು, ನಮೂದಿಸುವ ಹಕ್ಕು ಮಾತ್ರ ಇಟ್ಟು, ಅನುಮೋದನೆಯನ್ನು ಅಧಿಕಾರಿಯ ಬೆರಳಿಗೆ ಬಿಟ್ಟರೆ ಲಾಗಿನ್ ಎರವಲು ಕೊಡುವ ಅಗತ್ಯವೇ ಬೀಳದು.

ವರ್ಗವಾದವರ, ನಿವೃತ್ತರಾದವರ ಖಾತೆಯನ್ನು ಅಳಿಸದೆ ನಿಷ್ಕ್ರಿಯಗೊಳಿಸಬೇಕು, ಅದೇ ಗುರುತನ್ನು ಮತ್ತೊಬ್ಬರಿಗೆ ಕೊಡಬಾರದು. ಕೊಟ್ಟರೆ ಹಳೆಯ ನಮೂದುಗಳೆಲ್ಲ ಹೊಸಬರ ಹೆಸರಿಗೆ ಅಂಟುತ್ತವೆ. ಗಡಿ ಬದಲಾದಾಗಲೂ ಲೆಕ್ಕ ನೋಡಬೇಕು: 2017ರಲ್ಲಿ ಘೋಷಣೆಯಾದ ಅಣ್ಣಿಗೇರಿ ತಾಲ್ಲೂಕು ಮೊದಲು ನವಲಗುಂದದ ಭಾಗವಾಗಿತ್ತು. ಊರುಗಳು ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಹೋದಾಗ ಅವುಗಳ ದಾಖಲೆಯ ಮೇಲಿನ ಬರೆಯುವ ಹಕ್ಕು ಹಳೆಯ ಕಚೇರಿಯಿಂದ ತೆಗೆದು ಹೊಸದಕ್ಕೆ ಹೋಗಬೇಕು. ಎರಡೂ ಕಡೆ ಉಳಿದರೆ ಒಂದೇ ಹೊಲಕ್ಕೆ ಇಬ್ಬರು ಬರೆಯುವವರು.

ಕಾನೂನು

ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಎಲೆಕ್ಟ್ರಾನಿಕ್ ಸಹಿಯನ್ನು ಮೋಸದಿಂದ ಬಳಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಡಿ ಅಪರಾಧ. ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಅಪ್ಪಣೆಯಿಲ್ಲದೆ ವ್ಯವಸ್ಥೆಯೊಳಗೆ ಹೋಗುವುದು 43ನೇ ಕಲಮಿಗೆ ಬರುತ್ತದೆ, ಅಪ್ರಾಮಾಣಿಕ ಉದ್ದೇಶವಿದ್ದರೆ 66ನೇ ಕಲಮಿಗೆ. ತಪ್ಪಾಗಿ ಮಂಜೂರಾದ ಬದಲಾವಣೆಯ ವಿರುದ್ಧ ರೈತರು ಭೂಕಂದಾಯ ಕಾಯಿದೆಯ 136(2)ನೇ ಕಲಮಿನಂತೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಆಮೇಲೆ 136(3)ರಂತೆ ಜಿಲ್ಲಾಧಿಕಾರಿಗೆ ಪುನರ್ವಿಮರ್ಶೆಯ ಅರ್ಜಿ ಸಲ್ಲಿಸಬಹುದು. ಆದೇಶ ಯಾವ ದಿನ, ಯಾರ ಲಾಗಿನ್ನಿನಿಂದ ಆಯಿತೆಂಬ ವಿವರವನ್ನು ಮಾಹಿತಿ ಹಕ್ಕಿನಡಿ ಕೇಳಿಕೊಂಡು ಆ ಅರ್ಜಿಯೊಡನೆ ಇಡಬಹುದು.