ಶಾಲೆಯಲ್ಲಿ, ಅಥವಾ ಬೇರೆ ರೀತಿಯಲ್ಲಿ

ಪುಸ್ತಕದ ಚೀಲ ಹೊತ್ತು ಶಾಲೆಗೆ ಓಡುವ ನಿಮ್ಮ ಮಗು, ಹಾಗೆ ಓಡದೆ ಮನೆಯಲ್ಲೇ ಕುಳಿತು ನಿಮ್ಮಿಂದ ಪಾಠ ಹೇಳಿಸಿಕೊಂಡರೆ ಕಾಯಿದೆ ಒಪ್ಪೀತೇ? ಈ ಪ್ರಶ್ನೆ ಹೊಸತೆಂದು ನಿಮಗೆ ತೋರಬಹುದು. ಆದರೆ ಇಂಗ್ಲೆಂಡಿನವರು ನೂರೈವತ್ತು ವರ್ಷಗಳ ಹಿಂದೆಯೇ ಇದನ್ನು ಎದುರಿಸಿದರು.

ಕಾಯಿದೆಗಿಂತ ಮೊದಲು ಒಬ್ಬ ಹುಡುಗನನ್ನು ನೋಡೋಣ. ಜಾನ್ ಸ್ಟುವರ್ಟ್ ಮಿಲ್ಲನು ಹುಟ್ಟಿದ್ದು 1806ರಲ್ಲಿ. ಅವನ ತಂದೆ ಜೇಮ್ಸ್ ಮಿಲ್ ಬ್ರಿಟಿಷ್ ಇಂಡಿಯಾದ ಚರಿತ್ರೆಯನ್ನು ಬರೆದವನು. ಆ ಗ್ರಂಥವನ್ನು ಬರೆಯುತ್ತಿದ್ದ ಮೇಜಿನ ಬಳಿಯೇ ಮಗನನ್ನು ಕೂರಿಸಿಕೊಂಡು ಪಾಠ ಹೇಳಿದನು. ಮೂರನೆಯ ವಯಸ್ಸಿಗೆ ಗ್ರೀಕ್, ಎಂಟನೆಯದಕ್ಕೆ ಲ್ಯಾಟಿನ್! ಹೀಗೆ ಶಾಲೆಯನ್ನೇ ಕಾಣದೆ ಬೆಳೆದ ಮಿಲ್ಲನು, 1859ರಲ್ಲಿ ಸ್ವಾತಂತ್ರ್ಯವನ್ನು ಕುರಿತು ಬರೆದ ಪುಸ್ತಕದಲ್ಲಿ ಒಂದು ಸೂಚನೆ ಮಾಡಿದನು. ಪ್ರತಿಯೊಂದು ಮಗುವೂ ಕಲಿಯಲೇಬೇಕೆಂದು ಸರ್ಕಾರ ಕಟ್ಟುಮಾಡಲಿ. ಎಲ್ಲಿ, ಹೇಗೆ ಎಂಬುದನ್ನು ತಂದೆತಾಯಿಗಳಿಗೆ ಬಿಡಲಿ. ಮಗುವಿಗೆ ಓದು ಬಂದಿದೆಯೇ ಎಂದು ಪರೀಕ್ಷಿಸಲಿ. ಬಾರದಿದ್ದರೆ, ತಕ್ಕ ಕಾರಣವಿಲ್ಲದ ತಂದೆಗೆ ಮಿತವಾದ ದಂಡ ಹಾಕಲಿ.

1870ರ ಶಿಕ್ಷಣ ಕಾಯಿದೆ ಪರೀಕ್ಷೆಯ ದಾರಿ ಹಿಡಿಯಲಿಲ್ಲ. ಐದರಿಂದ ಹದಿಮೂರು ವರ್ಷದ ಮಕ್ಕಳ ಹಾಜರಿಯನ್ನು ಕಡ್ಡಾಯ ಮಾಡುವ ಅಧಿಕಾರವನ್ನು ಊರಿನ ಶಾಲಾ ಮಂಡಲಿಗಳಿಗೆ ಕೊಟ್ಟಿತು. ಆದರೆ ಬೇರೊಂದು ರೀತಿಯಲ್ಲಿ ಮಗು ಸಮರ್ಪಕವಾಗಿ ಕಲಿಯುತ್ತಿದ್ದರೆ ಅದನ್ನು ತಕ್ಕ ಕಾರಣವೆಂದು ಒಪ್ಪಿತು.

'ಸಮರ್ಪಕ' ಎಂದರೆ ಎಷ್ಟು? ಅಳತೆ ಯಾರದು? 1911ರಲ್ಲಿ ಬೆವನ್ ಮತ್ತು ಶಿಯರ್ಸ್ ಮೊಕದ್ದಮೆಯಲ್ಲಿ ಈ ಪ್ರಶ್ನೆ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಸಾರ್ವಜನಿಕ ಶಾಲೆಯ ತರಗತಿಗಳೇ ಅಳತೆಗೋಲಲ್ಲ, ಆ ಒಂದು ಮಗುವಿನ ಮಟ್ಟಿಗೆ ಕಲಿಕೆ ಸರಿಯಾಗಿ ನಡೆದಿದೆಯೇ ಎಂಬುದನ್ನಷ್ಟೇ ನೋಡಬೇಕು ಎಂದು ತೀರ್ಪಾಯಿತು.

1944ರ ಕಾಯಿದೆ ಹೊಣೆಯನ್ನು ನೇರವಾಗಿ ತಂದೆತಾಯಿಗಳ ಹೆಗಲಿಗೆ ಹಾಕಿತು. ವಯಸ್ಸಿಗೂ ಶಕ್ತಿಗೂ ಒಲವಿಗೂ ಒಪ್ಪುವ ಶಿಕ್ಷಣವನ್ನು 'ಶಾಲೆಯಲ್ಲಿ, ಅಥವಾ ಬೇರೆ ರೀತಿಯಲ್ಲಿ' ಕೊಡಿಸತಕ್ಕದ್ದು. ಈ ಮಾತು 1996ರ ಕಾಯಿದೆಗೂ ಇಳಿದು ಬಂದಿತು. ಹಾಗೆಂದು ಬಾಗಿಲು ಮುಚ್ಚಿಕೊಂಡು ಕೂರುವಂತಿಲ್ಲ. ಮನೆಯಲ್ಲಿ ಏನು ನಡೆದಿದೆ ಎಂದು ಅಧಿಕಾರಿಗಳು ವಿಚಾರಿಸಬಹುದು, ಉತ್ತರಿಸದಿರುವುದು ಜಾಣತನವಲ್ಲ ಎಂದು 1980ರಲ್ಲಿ ನ್ಯಾಯಾಲಯ ಎಚ್ಚರಿಸಿತು.

ಇನ್ನು ನಮ್ಮ ದೇಶದ ಮಾತು. 2002ರಲ್ಲಿ ಸಂವಿಧಾನಕ್ಕೆ ಸೇರಿದ ತಂದೆತಾಯಿಗಳ ಕರ್ತವ್ಯ, ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ 'ಶಿಕ್ಷಣದ ಅವಕಾಶ' ಒದಗಿಸುವುದು. 2009ರ ಶಿಕ್ಷಣ ಹಕ್ಕು ಕಾಯಿದೆಯ 10ನೆಯ ಪ್ರಕರಣವಾದರೋ ಮಗುವನ್ನು 'ನೆರೆಹೊರೆಯ ಶಾಲೆಗೆ' ಸೇರಿಸಬೇಕೆನ್ನುತ್ತದೆ. ಸೇರಿಸದ ತಂದೆತಾಯಿಗಳಿಗೆ ಅದು ದಂಡ ಹೇಳಿಲ್ಲ. ಮನೆಪಾಠದ ಹೆಸರನ್ನೂ ಎತ್ತಿಲ್ಲ. ಇಂಗ್ಲೆಂಡಿನ 'ಅಥವಾ' ನಮ್ಮಲ್ಲಿ ಇಲ್ಲ.

ಅದು ಬೇಕೇ? ಒಂದು ಮನೆಯಲ್ಲಿ ತಂದೆ ಮಗನಿಗೆ ಗ್ರೀಕ್ ಕಲಿಸಿಯಾನು; ಇನ್ನೊಂದು ಮನೆಯಲ್ಲಿ 'ಮನೆಯಲ್ಲೇ ಓದುತ್ತಾಳೆ' ಎಂದು ಹೇಳಿ, ಹುಡುಗಿಯ ಕೈಗೆ ಕಸಪೊರಕೆ ಕೊಟ್ಟಾರು. ಮೊದಲನೆಯ ಮಗುವಿಗೆ ದಾರಿ ಬಿಡಬೇಕು, ಎರಡನೆಯದನ್ನು ಕಾಯಬೇಕು. ಎರಡನ್ನೂ ಮಾಡುವ ಕಾಯಿದೆಯನ್ನು ಹೇಗೆ ಬರೆಯುತ್ತೀರಿ? ನೀವೇ ಯೋಚಿಸಿ ನೋಡಿ.