ಲಾಗ್ ಕಡತ

ಲಾಗ್ ಕಡತ ಎಂಬುದು ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯಾಗಲಿ, ಅದರಲ್ಲಿ ನಡೆಯುವ ತಂತ್ರಾಂಶವಾಗಲಿ ತನ್ನ ಚಟುವಟಿಕೆಗಳನ್ನು ಕಾಲಾನುಕ್ರಮದಲ್ಲಿ ತಾನಾಗಿಯೇ ಬರೆದಿಡುವ ದಾಖಲೆ. ಯಂತ್ರ ಯಾವಾಗ ಆರಂಭವಾಯಿತು, ಯಾರು ಪ್ರವೇಶ ಪಡೆದರು, ಯಾವ ಕಾರ್ಯ ವಿಫಲವಾಯಿತು ಎಂಬ ವಿವರಗಳು ಇದರಲ್ಲಿರುತ್ತವೆ. ದೋಷ ಪರಿಹಾರ, ಭದ್ರತಾ ತಪಾಸಣೆ ಹಾಗೂ ನ್ಯಾಯಾಲಯದ ಸಾಕ್ಷ್ಯ ಈ ಮೂರೂ ಸಂದರ್ಭಗಳಲ್ಲಿ ಲಾಗ್ ಕಡತಗಳು ಬಳಕೆಯಾಗುತ್ತವೆ.

ಹೆಸರು ಮತ್ತು ಹಿನ್ನೆಲೆ

ಇಂಗ್ಲಿಷಿನಲ್ಲಿ ‘ಲಾಗ್’ ಎಂದರೆ ಮರದ ತುಂಡು. ಹಾಯಿಹಡಗುಗಳ ಕಾಲದಲ್ಲಿ ಗಂಟುಗಳಿದ್ದ ಹಗ್ಗಕ್ಕೆ ಮರದ ತುಂಡನ್ನು ಕಟ್ಟಿ ನೀರಿಗೆ ಬಿಟ್ಟು, ನಿಗದಿತ ಅವಧಿಯಲ್ಲಿ ಎಷ್ಟು ಗಂಟುಗಳು ಹರಿದುಹೋದವು ಎಂಬುದರಿಂದ ಹಡಗಿನ ವೇಗವನ್ನು ತಿಳಿಯುತ್ತಿದ್ದರು. ಆ ಅಳತೆಯನ್ನು ಬರೆದಿಡುವ ಪುಸ್ತಕ ‘ಲಾಗ್ ಬುಕ್’ ಆಯಿತು. ಗಣಕಯಂತ್ರದ ದಿನಚರಿಗೂ ಅದೇ ಹೆಸರು ನಿಂತಿತು.

‘ಕಡತ’ ಎಂಬ ಕನ್ನಡ ಪದಕ್ಕೂ ತನ್ನದೇ ಆದ ಇತಿಹಾಸವಿದೆ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಲೇಪಿಸಿ, ಮಡಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಹೊತ್ತಗೆಯೇ ಕಡತ. ಶಾನುಭೋಗರು ಮತ್ತು ವರ್ತಕರು ಲೆಕ್ಕಪತ್ರಗಳಿಗೆ ಇದನ್ನು ಬಳಸುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸದ ಆಕರಗಳಾಗಿ ಪ್ರಸಿದ್ಧವಾಗಿವೆ. ಬಟ್ಟೆಯ ಕಡತದಲ್ಲಿ ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಲಾಗ್ ಕಡತದಲ್ಲಾದರೋ ಹೊಸ ಸಾಲು ಹಳೆಯದರ ಕೆಳಗೆ ಸೇರುತ್ತ ಹೋಗಬೇಕೇ ಹೊರತು ಹಳೆಯದು ಬದಲಾಗಬಾರದು ಎಂಬುದು ಮೂಲತತ್ತ್ವ.

1980ರ ದಶಕದಲ್ಲಿ ಎರಿಕ್ ಆಲ್ಮನ್ ಅವರು ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶಕ್ಕಾಗಿ ರೂಪಿಸಿದ ‘ಸಿಸ್‌ಲಾಗ್’ ಮುಂದೆ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ರೂಢಿಯಾಯಿತು. ಅದರ ಈಗಿನ ಮಾನಕವು 2009ರಲ್ಲಿ ಪ್ರಕಟವಾಯಿತು. ಮೈಕ್ರೋಸಾಫ್ಟ್ ಸಂಸ್ಥೆಯು 1993ರ ವಿಂಡೋಸ್ ಎನ್‌ಟಿ ಆವೃತ್ತಿಯಿಂದಲೇ ಘಟನಾ ದಾಖಲೆಯ ವ್ಯವಸ್ಥೆಯನ್ನು ಒದಗಿಸಿದೆ.

ರಚನೆ

ಲಾಗ್ ಕಡತದ ಒಂದು ನಮೂದಿನಲ್ಲಿ ಸಾಮಾನ್ಯವಾಗಿ ನಾಲ್ಕು ಅಂಶಗಳಿರುತ್ತವೆ.

* ಕಾಲಮುದ್ರೆ: ಘಟನೆಯ ದಿನಾಂಕ ಮತ್ತು ಸಮಯ
* ಮೂಲ: ಸಂದೇಶವನ್ನು ಬರೆದ ತಂತ್ರಾಂಶ ಅಥವಾ ಸೇವೆಯ ಹೆಸರು
* ಮಟ್ಟ: ಘಟನೆಯ ಗಂಭೀರತೆ
* ಸಂದೇಶ: ನಡೆದುದರ ವಿವರಣೆ

ಸಿಸ್‌ಲಾಗ್ ಕ್ರಮದಲ್ಲಿ 0ಯಿಂದ 7ರವರೆಗೆ ಎಂಟು ಮಟ್ಟಗಳಿವೆ: ತುರ್ತು, ಎಚ್ಚರಿಕೆಯ ಕರೆ, ವಿಷಮ, ದೋಷ, ಮುನ್ನೆಚ್ಚರಿಕೆ, ಗಮನಿಸತಕ್ಕದ್ದು, ಮಾಹಿತಿ ಮತ್ತು ಡೀಬಗ್. ಸಂಖ್ಯೆ ಚಿಕ್ಕದಾದಷ್ಟೂ ಸ್ಥಿತಿ ಗಂಭೀರ. ಜಾಲತಾಣದ ಸರ್ವರ್‌ಗಳ ಲಾಗ್‌ನಲ್ಲಿ ಮಟ್ಟದ ಬದಲು ಸ್ಥಿತಿಸಂಖ್ಯೆ ಇರುತ್ತದೆ. 200 ಎಂದರೆ ಕೋರಿಕೆ ಈಡೇರಿದೆ, 404 ಎಂದರೆ ಕೇಳಿದ ಪುಟ ಇಲ್ಲ, 500 ಎಂದರೆ ಸರ್ವರ್‌ನಲ್ಲಿಯೇ ದೋಷ ಎಂದರ್ಥ.

ಕಡತವನ್ನು ತೆರೆಯುವುದು

ಲಾಗ್ ಕಡತಗಳಲ್ಲಿ ಎರಡು ಬಗೆ. ಸರಳ ಪಠ್ಯರೂಪದ ಕಡತವನ್ನು ನೋಟ್‌ಪ್ಯಾಡ್‌ನಂಥ ಯಾವುದೇ ಪಠ್ಯ ಸಂಪಾದಕದಲ್ಲಿ ತೆರೆಯಬಹುದು. ದ್ವಿಮಾನ ರೂಪದ ಕಡತಕ್ಕೆ ಅದರದೇ ವೀಕ್ಷಕ ಬೇಕು. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ; ಇದರಿಂದ ಕಡತ ಕೆಟ್ಟಿದೆ ಎಂದು ಭಾವಿಸಬಾರದು.

ವಿಂಡೋಸ್‌ನಲ್ಲಿ ಸ್ಟಾರ್ಟ್ ಪಟ್ಟಿಯಲ್ಲಿ ‘ಇವೆಂಟ್ ವ್ಯೂವರ್’ ಎಂದು ಹುಡುಕಿ ತೆರೆದರೆ, ‘ವಿಂಡೋಸ್ ಲಾಗ್ಸ್’ ಎಂಬ ಶೀರ್ಷಿಕೆಯಡಿ ಅಪ್ಲಿಕೇಶನ್, ಸೆಕ್ಯುರಿಟಿ, ಸಿಸ್ಟಮ್ ಮೊದಲಾದ ವಿಭಾಗಗಳು ದೊರೆಯುತ್ತವೆ. ಸೆಕ್ಯುರಿಟಿ ವಿಭಾಗವನ್ನು ನೋಡಲು ನಿರ್ವಾಹಕರ ಅಧಿಕಾರ ಬೇಕು. ಲಿನಕ್ಸ್‌ನಲ್ಲಿ ಪಠ್ಯರೂಪದ ಕಡತಗಳು ‘ವಾರ್’ ಕೋಶದೊಳಗಿನ ‘ಲಾಗ್’ ಉಪಕೋಶದಲ್ಲಿರುತ್ತವೆ. ಸಿಸ್ಟಮ್‌ಡಿ ಬಳಸುವ ಆವೃತ್ತಿಗಳಲ್ಲಿ ‘ಜರ್ನಲ್‌ಸಿಟಿಎಲ್’ ಎಂಬ ಆದೇಶದಿಂದ ದಾಖಲೆಯನ್ನು ಓದಬಹುದು. ಮ್ಯಾಕ್ ಗಣಕಗಳಲ್ಲಿ ‘ಕನ್ಸೋಲ್’ ಎಂಬ ಅನ್ವಯವಿದೆ. ಆಂಡ್ರಾಯ್ಡ್ ದೂರವಾಣಿಗಳಲ್ಲಿ ಡೆವಲಪರ್ ಆಯ್ಕೆಗಳಡಿ ಇರುವ ‘ಬಗ್ ರಿಪೋರ್ಟ್’ ಮೂಲಕ ದಾಖಲೆಯನ್ನು ಹೊರತೆಗೆಯಬಹುದು.

ಕಡತ ಮಿತಿಮೀರಿ ಬೆಳೆಯದಂತೆ ಹಳೆಯ ಭಾಗವನ್ನು ಬೇರ್ಪಡಿಸಿ, ಸಂಕುಚಿಸಿ, ಕೊನೆಗೆ ಅಳಿಸುವ ಕ್ರಮಕ್ಕೆ ಲಾಗ್ ಆವರ್ತನ ಎನ್ನುತ್ತಾರೆ. ಆದುದರಿಂದ ತೊಂದರೆ ಕಂಡ ಕೂಡಲೇ ಕಡತದ ಪ್ರತಿ ತೆಗೆದಿಟ್ಟುಕೊಳ್ಳುವುದು ಉಚಿತ. ಓದುವ ಕೆಲಸವನ್ನೂ ಮೂಲದಲ್ಲಿ ಮಾಡದೆ ಪ್ರತಿಯಲ್ಲಿಯೇ ಮಾಡಬೇಕು.

ಓದುವ ಕ್ರಮ

ಸಾವಿರಾರು ಸಾಲುಗಳ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದುವ ಅಗತ್ಯವಿಲ್ಲ. ತೊಂದರೆ ಉಂಟಾದ ಸಮಯವನ್ನು ಗುರುತಿಸಿ ಆ ಹೊತ್ತಿನ ನಮೂದುಗಳಿಗೆ ಹೋಗಬೇಕು. ದೋಷ ಮಟ್ಟದ ಸಾಲುಗಳನ್ನು ಮಾತ್ರ ಸೋಸಿ ನೋಡಬೇಕು. ಒಂದು ದೋಷವು ಅನೇಕ ದೋಷಗಳಿಗೆ ಎಡೆಮಾಡುವುದರಿಂದ, ಕೊನೆಯ ದೋಷದಿಂದ ಹಿಂದಕ್ಕೆ ಸಾಗಿ ಸರಣಿಯ ಮೊದಲ ದೋಷವನ್ನು ಹುಡುಕಬೇಕು. ಕಾರಣ ಬಹುಮಟ್ಟಿಗೆ ಅಲ್ಲಿರುತ್ತದೆ.

ಕಾಲಮಾನದ ವ್ಯತ್ಯಾಸ ಓದುಗರನ್ನು ದಾರಿತಪ್ಪಿಸಬಲ್ಲದು. ಅನೇಕ ಸರ್ವರ್‌ಗಳು ಸಾರ್ವತ್ರಿಕ ಕಾಲಮಾನದಲ್ಲಿ ಬರೆಯುತ್ತವೆ. ಭಾರತೀಯ ಕಾಲಮಾನವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಜೂನ್ 18ರ 18:45 ಎಂದು ಲಾಗ್‌ನಲ್ಲಿರುವ ಘಟನೆ ಕುಂದಾಪುರದಲ್ಲಿ ಜೂನ್ 19ರ ನಡುರಾತ್ರಿ ಕಳೆದು 15 ನಿಮಿಷಕ್ಕೆ ನಡೆದಿರುತ್ತದೆ. ದಿನಾಂಕವೇ ಬದಲಾಗುವುದನ್ನು ಇಲ್ಲಿ ಗಮನಿಸಬೇಕು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಮೊದಲಾದ ಕರಾವಳಿ ಪ್ರದೇಶಗಳಲ್ಲಿ ಗುಡುಗು ಮಳೆಯ ದಿನಗಳಲ್ಲಿ ವಿದ್ಯುತ್ ನಿಂತು ಗಣಕ ಹಠಾತ್ತನೆ ಆರುವುದು ಸಾಮಾನ್ಯ. ಆಗ ವಿಂಡೋಸ್‌ನ ಸಿಸ್ಟಮ್ ವಿಭಾಗದಲ್ಲಿ 41 ಮತ್ತು 6008 ಎಂಬ ಘಟನಾಸಂಖ್ಯೆಗಳು ಕಾಣುತ್ತವೆ. ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲ ಎಂಬುದಷ್ಟೇ ಇವುಗಳ ಅರ್ಥ. ಏಕೆ ಎಂಬುದನ್ನು ಇವು ಹೇಳುವುದಿಲ್ಲ. ಇವು ದಾಖಲಾಗುವುದು ಯಂತ್ರ ಮರಳಿ ಆರಂಭವಾದ ಮೇಲೆ. ಆರಿದ ಸಮಯವು 6008ರ ಸಂದೇಶದೊಳಗೆ ಇರುತ್ತದೆ. ಆ ಸಮಯಗಳು ವಿದ್ಯುತ್ ನಿಲುಗಡೆಯೊಂದಿಗೆ ಹೊಂದಿದರೆ ಯುಪಿಎಸ್ ಬ್ಯಾಟರಿಯನ್ನು ಪರೀಕ್ಷಿಸಬೇಕು. ‘ಡಿಸ್ಕ್’ ಎಂಬ ಮೂಲದಿಂದ ಬಂದ 7ನೆಯ ಘಟನಾಸಂಖ್ಯೆಯೂ ಪದೇ ಪದೇ ಇದ್ದರೆ ಡಿಸ್ಕಿನಲ್ಲಿ ಕೆಟ್ಟ ಭಾಗಗಳಿವೆ ಎಂದರ್ಥ. ಆಗ ದುರಸ್ತಿಗಿಂತ ಮೊದಲು ಮಾಡಬೇಕಾದ ಕೆಲಸ, ಅದರಲ್ಲಿರುವ ಕಡತಗಳ ಪ್ರತಿಯನ್ನು ಬೇರೆಡೆ ಉಳಿಸುವುದು.

ಕನ್ನಡ ಅಕ್ಷರಗಳು

ಕಡತ ಅಥವಾ ಬಳಕೆದಾರರ ಹೆಸರು ಕನ್ನಡದಲ್ಲಿದ್ದರೆ ಲಾಗ್‌ನಲ್ಲಿ ಅದು ಪ್ರಶ್ನಾರ್ಥಕ ಚಿಹ್ನೆ, ಚೌಕ ಅಥವಾ ವಿಚಿತ್ರ ರೋಮನ್ ಅಕ್ಷರಗಳಾಗಿ ತೋರಬಹುದು. ಯುಟಿಎಫ್-8 ಸಂಕೇತೀಕರಣದಲ್ಲಿ ಯುನಿಕೋಡ್‌ನ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್‌ಗಳು ಬೇಕು. ಸಂಪಾದಕವು ಪ್ರತಿ ಬೈಟನ್ನೂ ಪ್ರತ್ಯೇಕ ಅಕ್ಷರವೆಂದು ಓದಿದರೆ ಪಠ್ಯ ಕಲಸಿಹೋಗುತ್ತದೆ. ಕಡತವನ್ನು ತೆರೆಯುವಾಗ ಯುಟಿಎಫ್-8 ಆಯ್ದರೆ ಇದು ಸರಿಹೋಗುತ್ತದೆ. ಬರೆಯುವ ಹಂತದಲ್ಲಿಯೇ ಪ್ರಶ್ನಾರ್ಥಕ ಚಿಹ್ನೆಯಾಗಿ ಬದಲಾದ ಅಕ್ಷರಗಳನ್ನು ಮಾತ್ರ ಮರಳಿ ಪಡೆಯಲಾಗದು. ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳ ಪಠ್ಯಕ್ಕೆ ಪರಿವರ್ತಕ ತಂತ್ರಾಂಶ ಬೇಕಾಗುತ್ತದೆ.

ಆಡಳಿತದಲ್ಲಿ ಬಳಕೆ

ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ದಾಖಲೆಗಳು ಗಣಕೀಕೃತವಾದವು. ಕೈಬರಹದ ದಾಖಲೆಗಳಿದ್ದಾಗ ತಿದ್ದುಪಡಿ ಮಾಡಿದವರು ಯಾರೆಂದು ತೋರಿಸುವುದು ಕಷ್ಟವಿತ್ತು. ‘ಭೂಮಿ’ಯಲ್ಲಿ ಸಿಬ್ಬಂದಿ ಬೆರಳಚ್ಚು ನೀಡಿ ಪ್ರವೇಶಿಸುವ ಹಾಗೂ ಪ್ರತಿಯೊಂದು ವ್ಯವಹಾರವೂ ಲಾಗ್‌ನಲ್ಲಿ ದಾಖಲಾಗುವ ವ್ಯವಸ್ಥೆಯನ್ನು ಅಳವಡಿಸಲಾಯಿತು. ಹೀಗಾಗಿ ಬದಲಾವಣೆಗೆ ಅದನ್ನು ಮಾಡಿದವರೇ ಹೊಣೆಗಾರರಾಗುತ್ತಾರೆ. 2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾದವು. ಅದಕ್ಕೂ ಮೊದಲು ಬೈಂದೂರು ಕುಂದಾಪುರ ತಾಲೂಕಿಗೂ ಬ್ರಹ್ಮಾವರ ಉಡುಪಿ ತಾಲೂಕಿಗೂ ಸೇರಿದ್ದವು.

ಭದ್ರತೆ ಮತ್ತು ಗೋಪ್ಯತೆ

ಲಾಗ್ ಕಡತದಲ್ಲಿ ಬಳಕೆದಾರರ ಹೆಸರು, ಐಪಿ ವಿಳಾಸ, ಕೆಲವೊಮ್ಮೆ ಗುಪ್ತಪದಗಳೂ ಇರಬಹುದು. 2018ರ ಮೇ 3ರಂದು ಟ್ವಿಟರ್ ಸಂಸ್ಥೆಯು, ಗುಪ್ತಪದಗಳು ತನ್ನ ಆಂತರಿಕ ಲಾಗ್‌ನಲ್ಲಿ ಮರೆಮಾಚದೆ ದಾಖಲಾಗಿದ್ದುದನ್ನು ತಿಳಿಸಿ, ಅವನ್ನು ಬದಲಿಸುವಂತೆ ಎಲ್ಲ ಬಳಕೆದಾರರನ್ನು ಕೋರಿತು. 2021ರ ಡಿಸೆಂಬರ್‌ನಲ್ಲಿ ‘ಲಾಗ್4ಜೆ’ ಎಂಬ ಲಾಗ್ ಬರೆಯುವ ತಂತ್ರಾಂಶದಲ್ಲಿಯೇ ಗಂಭೀರ ಲೋಪ ಬಯಲಾಯಿತು. ಅದರ ಮೂಲಕ ದೂರದಿಂದಲೇ ಸರ್ವರ್‌ಗಳನ್ನು ವಶಪಡಿಸಿಕೊಳ್ಳಲು ಸಾಧ್ಯವಿತ್ತು. ದೋಷ ಪರಿಹಾರಕ್ಕಾಗಿ ಲಾಗ್ ಕಡತವನ್ನು ಇತರರಿಗೆ ಕಳುಹಿಸುವ ಮುನ್ನ, ಕಳುಹಿಸುವ ಪ್ರತಿಯಿಂದ ಇಂಥ ವೈಯಕ್ತಿಕ ವಿವರಗಳನ್ನು ತೆಗೆದುಹಾಕಬೇಕು.

ಕಾನೂನು

ಭಾರತದ ಗಣಕ ತುರ್ತು ಪ್ರತಿಕ್ರಿಯಾ ಸಂಸ್ಥೆಯಾದ ಸರ್ಟ್-ಇನ್, ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ ಅಡಿಯಲ್ಲಿ 2022ರ ಏಪ್ರಿಲ್ 28ರಂದು ನಿರ್ದೇಶನಗಳನ್ನು ಹೊರಡಿಸಿತು. ಅವುಗಳಂತೆ ಸೇವಾ ಸಂಸ್ಥೆಗಳು, ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ತಮ್ಮ ಲಾಗ್‌ಗಳನ್ನು 180 ದಿನಗಳ ಕಾಲ ಸುರಕ್ಷಿತವಾಗಿ ಇಟ್ಟಿರಬೇಕು. ನಿಗದಿತ ಬಗೆಯ ಸೈಬರ್ ಘಟನೆಗಳನ್ನು ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೆಯ ಕಲಮು ವಿದ್ಯುನ್ಮಾನ ದಾಖಲೆಗಳನ್ನು ಸಾಕ್ಷ್ಯವಾಗಿ ಒಪ್ಪುವ ಷರತ್ತುಗಳನ್ನು ತಿಳಿಸುತ್ತದೆ. ಇಂಥ ದಾಖಲೆಯೊಂದಿಗೆ ನಿಗದಿತ ಪ್ರಮಾಣಪತ್ರವನ್ನೂ ಸಲ್ಲಿಸಬೇಕಾಗುತ್ತದೆ.

ಇವನ್ನೂ ನೋಡಿ

* ಕಾರ್ಯಾಚರಣ ವ್ಯವಸ್ಥೆ
* ಯುನಿಕೋಡ್
* ಭೂಮಿ ಯೋಜನೆ
* ಮಾಹಿತಿ ತಂತ್ರಜ್ಞಾನ ಅಧಿನಿಯಮ 2000